ಖಾಲಿ ಸೀಟು

ಕಲಾದಗಿಯಾಗ ಹತ್ತಿದ ಅಂವ.
ಹೆಗಲಿಗೆ ಚಿಕ್ಕು ಹಣ್ಣಿನ ಚೀಲ,
ಕಿಸೆದಾಗ ಮಡಚಿದ ಕಣ್ಣಿನ ದವಾಖಾನಿ ಚೀಟಿ,
ಅದರ ತುದಿ ಅಷ್ಟಽ ಹೊರಗ.

ನಾ ಎದ್ದೆ. ‘ಕೂಡ್ರಿ ಅಜ್ಜಾರ.’
‘ಬ್ಯಾಡ ಯವ್ವಾ, ನೀ ಕೂಡು.’
‘ನಂದು ಪುಕ್ಕಟೆ ಟಿಕೇಟ್ರೀ, ನೀವು ರೊಕ್ಕಾ ಕೊಟ್ಟೀರಿ.’
‘ಟಿಕೇಟ ಪುಕ್ಕಟೆ ಇರವಲ್ದ್ಯಾಕ,
ಕಾಲು ನಿನ್ನವಽ ಅಲ್ಲ? ಬಾತಾವ ನೋಡು.’

ನೋಡಿದೆ.
ಸೀರಿ ಅಂಗಡ್ಯಾಗ ಹನ್ನೊಂದು ವರ್ಷ ನಿಂತ ಕಾಲು.
ಗಿರಾಕಿ ಮುಂದ ಸೆರಗು ಹಾಸಿ,
ನೂರು ಮಡಿಕಿ ಬಿಚ್ಚಿ, ನೂರು ಮಡಿಕಿ ಮತ್ತ ಮಡಚಿ.
ಯಾರೂ ಕೆಳಗ ನೋಡಿರಲಿಲ್ಲ.
ಮನ್ಯಾಗೂ.
ಎರಡೂ ಕಣ್ಣಿಗೆ ಪೊರೆ ಬಂದ ಮುದುಕ
ಹತ್ತಿದ ಎರಡಽ ನಿಮಿಷದಾಗ ನೋಡಿದ.

ಹಿಂಗಾಗಿ ನಾನೂ ನಿಂತೆ, ಅಂವನೂ ನಿಂತ.
ಕಾಲಿಡಾಕ ಜಾಗಿಲ್ಲದ ಬಸ್ಸಿನ ನಡುವ
ಸೀಟೊಂದು ಖಾಲಿ ಹೊಂಟಿತು
ಕಿಡಕಿ ಗಾಳಿ ತಗೋತ.
ಕುಂತ್ರ ಇಬ್ಬರ ಮಾತೂ ಮುರದಂಗ ಅಂತ
ಮತ್ಯಾರೂ ಕೂಡಲಿಲ್ಲ.
ಕಿವ್ಯಾಗ ವಾಯರ್ ಸಿಗಿಸಿದ ಹುಡುಗ ಸೈತ
ಒಮ್ಮೆ ನೋಡಿ, ಕಂಬಿ ಬಿಗಿ ಹಿಡಕೊಂಡ.

ಹಿಂದಿನ ಸಾಲಿನಿಂದ ನೂರರ ನೋಟು
ಆರು ಕೈ ದಾಟಿ ಕಂಡಕ್ಟರ್ ನೀಲಗಂಗಾಗ ಮುಟ್ಟಿತು.
ಚಿಲ್ಲರ ಅದಽ ಆರು ಕೈ ದಾಟಿ ತಿರುಗಿ ಹೋತು,
ಒಂದು ರೂಪಾಯಿನೂ ದಾರಿ ತಪ್ಪಲಿಲ್ಲ.
‘ಯಾರರ ಒಬ್ರು ಕೂಡ್ರಿ,
ಇಲ್ಲಾಂದ್ರ ಸೀಟಿಗೂ ಟಿಕೇಟ ಹರೀತೀನಿ’
ಅಂದ್ಲು ಆಕಿ, ನಗು ತಡಕೊಂಡು.
ಅಂವ ಚೀಲ ಇಳಿಸಿ ಸೀಟಿನ ಮ್ಯಾಲೆ ಕುಂಡ್ರಿಸಿದ.
‘ಇವು ನನ್ನಕಿಂತ ಹಣ್ಣಾಗ್ಯಾವ.’

ತುಳಸಿಗೇರಿ ಬಂತು.
ಹಣಮಪ್ಪಗ ಕೈ ಮುಗಿಯಾಕ
ಎಲ್ಲಾರೂ ಒಮ್ಮೆಲೆ ಕಂಬಿ ಬಿಟ್ರು.
ಬ್ರೇಕು ಬಿತ್ತು.
ಯಾರ ಮೈ ಯಾರ ಮ್ಯಾಲೆ ವಾಲಿತೋ,
ಕೆಳಗ ಬಿದ್ದವರು ಯಾರೂ ಇಲ್ಲ.

ನವನಗರದಾಗ ಇಳಿಯೂ ಮುಂದ
ಧನ್ಯವಾದ ಅನ್ನೂ ಮಾತು ನಾಲಿಗಿ ತನಕ ಬಂತು.
ಅದು ಮೈಕಿನ ಮಾತು,
ಶಾಲು ಹೊದಿಸ್ಕೊಂಡು ಕುಂತವರಿಗೆ ಅನ್ನೂದು.
ನುಂಗಿದೆ.
‘ಬರ್ತೀನ್ರೀ ಅಜ್ಜಾರ’ ಅಂದೆ.
ಎಲ್ಲಿಗೆ ಬರೂದು? ಅಂವನ ಹೆಸರೂ ಕೇಳಿಲ್ಲ.

‘ಹೋಗಿ ಬಾರವಾ’ ಅಂದ,
ತನ್ನ ಮನಿ ಹೊಸ್ತಿಲದಾಗ ನಿಂತವನಂಗ.

ಸೀಟಿ ಊದಿತು, ಬಸ್ಸು ಬಿಟ್ಟಿತು.
ಕಿಡಕಿಯೊಳಗ ಚೀಲ ಕುಂತಿತ್ತು,
ಅಂವ ಇನ್ನೂ ನಿಂತಿದ್ದ.