ಹಳೇ ಪರಿಚಯ

ಕೊಚಿ ಪಟ್ಟಣದ ಆಸ್ಪತ್ರೆ, ಎರಡನೇ ಮಹಡಿ, ಮಂಗಳವಾರ.
ಮಿಝುಹೊ ಎಂಬ ಹುಡುಗಿ, ಇನ್ನೂ ಮೂವತ್ತು ದಾಟಿಲ್ಲ,
ಪೆಟ್ಟಿಗೆಯಿಂದ ಯಂತ್ರವೊಂದನ್ನು ತೆಗೆದಳು:
ಮೂಲಂಗಿಯಷ್ಟು ಗಾತ್ರ, ತಲೆಗೆ ರಬ್ಬರಿನ ಟೋಪಿ.
"ಹೆದರಬೇಡಿ ಕುನಿಸಾವಾ-ಸಾನ್, ಸುಮ್ಮನೆ ನಡುಗುತ್ತದೆ."

ನಡುಗುವುದೆ?
ಮಗಳೇ, ನಡುಕ ನಾನು ಉಂಡ ಅನ್ನ.

ಇಪ್ಪತ್ತೊಂದು ವರ್ಷ ಸುಗಿ ಮರಗಳ ಕಾಡಿನಲ್ಲಿ
ಸರಪಳಿ ಗರಗಸ ಹಿಡಿದೆ.
ಅದು ನನ್ನನ್ನು ಹಿಡಿದಿತ್ತು ಅನ್ನುವುದೇ ಸರಿ.
ರಾತ್ರಿ ಉಣ್ಣುವಾಗ ಕಡ್ಡಿಗಳು ಬಟ್ಟಲಿಗೆ ತಾಳ ಹಾಕುತ್ತಿದ್ದವು,
ದೀಪ ಆರಿಸಿದ ಮೇಲೂ ಮೊಳಕೈವರೆಗೆ ಎಂಜಿನ್ ಓಡುತ್ತಿತ್ತು.
ಒಂದು ಚಳಿಗಾಲದ ಬೆಳಿಗ್ಗೆ ಬೆರಳೆಲ್ಲ ಬಿಳಿ,
ಉಗುರಿಂದ ಎರಡನೇ ಗೆಣ್ಣಿನವರೆಗೆ, ಗೆರೆ ಎಳೆದ ಹಾಗೆ.
ಕಿನುಯೆ ಸೂಜಿ ತಂದಳು.
"ನೋವಾಯಿತಾ?"
"ಯಾವಾಗ ಚುಚ್ಚುತ್ತೀ?" ಅಂದೆ.

ಬಿಳಿ ಮೇಣದ ರೋಗ ಅನ್ನುತ್ತಿದ್ದರು ನಮ್ಮ ಕಡೆ.
ಹನ್ನೊಂದು ಜನ ಕೋರ್ಟಿನ ಮೆಟ್ಟಿಲು ಹತ್ತಿದೆವು,
ಇಳಿಯುವ ಹೊತ್ತಿಗೆ ಏಳೇ ಜನ.
ಪರಿಹಾರದ ದುಡ್ಡಲ್ಲಿ ಸ್ನಾನದ ಮನೆಗೆ ಹೊಸ ತೊಟ್ಟಿ ಬಂತು.
ನಡುಕದಿಂದಲೇ ಕೈ ಕೆಟ್ಟಿತೆಂದು
ಮೊಹರು ಒತ್ತಿದ ಕಾಗದ ಈಗಲೂ ಪೆಟ್ಟಿಗೆಯಲ್ಲಿದೆ.

ಹೋದ ನವೆಂಬರ್, ಯುಝು ನಿಂಬೆ ಕೀಳುತ್ತಿದ್ದೆ.
ಎಡಗೈ ಕೊಂಬೆ ಬಿಟ್ಟಿತು. ನಾನು ಬಿಡು ಅಂದಿರಲಿಲ್ಲ.
ತಲೆಯೊಳಗೆ ಎಲ್ಲೋ ರಕ್ತಕ್ಕೆ ದಾರಿ ಕಟ್ಟಿತ್ತಂತೆ.
ಅಂದಿನಿಂದ ಕೈ ಮುಷ್ಟಿಯಾಗಿ ಎದೆಗೆ ಅಂಟಿಕೊಂಡಿದೆ,
ಸಾಲ ಕೇಳಲು ಬಂದವನೆದುರು ಜಿಪುಣ ನಿಂತ ಹಾಗೆ.

ಇದನ್ನೆಲ್ಲ ಅವಳಿಗೆ ಹೇಳಲು ನಾಲಿಗೆಯೂ ಅರ್ಧ ರಜೆಯಲ್ಲಿತ್ತು.
"ಮುಂಚೆ... ಇದೇ... ಕೊಂದಿದ್ದು" ಅಂದೆ.
ಅವಳು ಕಡತ ತಿರುವಿದಳು, ಬಹಳ ಹೊತ್ತು ಓದಿದಳು.
ಯಂತ್ರ ಕೆಳಗಿಟ್ಟು ಡಾಕ್ಟರರ ಬಳಿ ಹೋಗಿ ಬಂದಳು.
"ಐದೇ ನಿಮಿಷ. ಬೆರಳಿನ ಬಣ್ಣ ನೋಡುತ್ತಿರುತ್ತೇನೆ.
ನೀವು ಬೇಡ ಅಂದ ಕೂಡಲೇ ನಿಲ್ಲಿಸುತ್ತೇನೆ."

ಕಾಡಿನಲ್ಲಿ ಯಾವ ಮೇಸ್ತ್ರಿಯೂ ಹೀಗೆ ಕೇಳಿರಲಿಲ್ಲ.
ಹೂಂ ಅಂದೆ.

ಮೊಳಕೈ ಮಡಿಕೆಯಲ್ಲಿ ಹಗ್ಗದಂತೆ ಬಿಗಿದ ನರಕ್ಕೆ
ರಬ್ಬರು ತಾಗಿಸಿದಳು. ಗುಂಯ್.
"ಕಣ್ಣು ಮುಚ್ಚಿ. ಕೈ ಎಲ್ಲಿದೆ ಹೇಳಿ."

ಕೈ
ಚಾಚುತ್ತಿತ್ತು.
ಆಣೆ ಮಾಡಿ ಹೇಳುತ್ತೇನೆ, ಎದೆ ಬಿಟ್ಟು ಎದ್ದು
ಮೇಜು ದಾಟಿ, ಕಿಟಕಿ ದಾಟಿ,
ಒದ್ದೆ ತೊಗಟೆಯವರೆಗೆ; ಕಡಿಯುವ ಮೊದಲು
ಒಮ್ಮೆ ಅಂಗೈ ಊರಿ ನಿಲ್ಲುತ್ತಿದ್ದೆವಲ್ಲ,
ಆ ಜಾಗದವರೆಗೆ.

ಕಣ್ಣು ತೆರೆದೆ.
ಟವೆಲ್ಲಿನ ಮೇಲೆ ಕೈ ಇದ್ದಲ್ಲೇ ಇತ್ತು.

"ಸುಳ್ಳು" ಅಂದೆ.
"ಹೌದು," ಅಂದಳು, ಸ್ವಲ್ಪವೂ ನಾಚದೆ.
"ಮಿದುಳಿಗೆ ನಾವು ಹೇಳುವ ಸುಳ್ಳು. ಅದು ನಂಬಿರುವಾಗಲೇ
ಕೆಲಸ ಮಾಡಿಕೊಳ್ಳಬೇಕು. ಬೇಗ, ಬೆರಳು ಬಿಡಿಸಿ."

ಹೆಬ್ಬೆರಳು ಬಂತು.
ತೋರುಬೆರಳು ಅಕ್ಕಿಕಾಳಿನಷ್ಟು.
ಉಳಿದವು ಬರಲಿಲ್ಲ. ಸತ್ಯ ಹೇಳಬೇಕಲ್ಲ, ಇನ್ನೂ ಬಂದಿಲ್ಲ.

ಆ ಸಂದಿಯಲ್ಲಿ ಕಿನುಯೆ ಬಿಸಿನೀರಿನ ಬಟ್ಟೆ ತೂರಿಸಿದಳು.
ಮೂರು ತಿಂಗಳ ಕತ್ತಲು, ಹುಳಿ ವಾಸನೆ,
ಉಗುರು ಕೊರೆದ ನಾಲ್ಕು ಗಾಯದ ಗುರುತು.
ಉಜ್ಜುತ್ತಾ ಬೈದಳು:
"ಇಷ್ಟು ದಿನ ಏನು ಬಚ್ಚಿಟ್ಟಿದ್ದೆ ಇದರೊಳಗೆ?"
ಒಂದು ಯುಝು ಎಲೆಯ ಚೂರಾದರೂ ಇರಬಹುದೆಂದುಕೊಂಡಿದ್ದೆ.
ಅದೂ ಇರಲಿಲ್ಲ.

ಗುರುವಾರ ಮತ್ತೆ ಬರಹೇಳಿದ್ದಾರೆ.
ಊರಿನ ಬಸ್ಸು ಏರು ಹತ್ತುವಾಗ
ಕಿಟಕಿಯ ಗಾಜು ಗಡಗಡ ನಡುಗುತ್ತದೆ.
ಕಿನುಯೆ ತೂಕಡಿಸುವುದನ್ನು ಕಾದು
ಮೊಳಕೈಯನ್ನು ಮೆಲ್ಲಗೆ ಅದಕ್ಕೆ ಆನಿಸಿದೆ.