ಹಸಿರು ಬಾಗಿಲು, ಭಾಗ ಎರಡು

ಡಂಡೀ ಊರಿನಲ್ಲಿ ನಮ್ಮ ಆಫೀಸು ಹಳೆಯ ಸೆಣಬಿನ ಗಿರಣಿ.
ಮಳೆ ಬಂದರೆ ಗೋಡೆಯಿಂದ ಈಗಲೂ ಎಣ್ಣೆಯ ವಾಸನೆ.
ತಿಮಿಂಗಿಲದ್ದಂತೆ, ನಾರು ಮೆದುವಾಗಲೆಂದು ಸುರಿಯುತ್ತಿದ್ದರಂತೆ.
ಮೂರನೇ ಮಹಡಿಯ ಕಿಟಕಿಯಾಚೆ ಟೇ ನದಿ,
ಸೀಸದ ತಗಡು.
ಡಿಸೆಂಬರಿನಲ್ಲಿ ಮೂರೂವರೆಗೇ ದೀಪ ಹಚ್ಚುತ್ತೇವೆ.

ಒಂಬತ್ತು ವರ್ಷದ ಹಿಂದೆ ನಾವು ಐದೇ ಜನ
ಒಂದು ಆಟ ಕಟ್ಟಿದೆವು.
ದ್ವೀಪ, ದೀಪಸ್ತಂಭ, ಮಾತೇ ಆಡದ ಕಾವಲುಗಾರ,
ಇನ್ನೂರ ಹದಿಮೂರು ಮೆಟ್ಟಿಲ ಕೊನೆಗೆ
ಹಸಿರು ಬಣ್ಣದ ಬಾಗಿಲು.
ಅದು ತೆರೆಯುವುದಿಲ್ಲ.
ತಟ್ಟಿದರೆ ಟಕ್ ಟಕ್ ಅನ್ನುತ್ತದೆ, ಅಷ್ಟೇ.

ಜನ ತಟ್ಟಿದರು. ತಟ್ಟುತ್ತಲೇ ಇದ್ದರು.
ಹುಣ್ಣಿಮೆಗೆ ತಟ್ಟಬೇಕು ಅಂದರು,
ಕೈಯಲ್ಲಿ ಸತ್ತ ಮೀನು ಹಿಡಿದು ತಟ್ಟಬೇಕು ಅಂದರು,
ಆ ಸದ್ದನ್ನು ಹಿಂದುಮುಂದಾಗಿ ಕೇಳಿದರೆ
ಒಬ್ಬ ಹೆಂಗಸು ಅಳುತ್ತಾಳೆ ಅಂದರು.
ಪರ್ತ್‌ನ ಹುಡುಗನೊಬ್ಬ ಬಾಗಿಲನ್ನು
ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡ, ಹಿಡಿಕೆ ಸಮೇತ.

ನಿಜ ಹೇಳಿಬಿಡುತ್ತೇನೆ.
ಆಚೆ ಒಂದು ಕೋಣೆ ಬರಬೇಕಿತ್ತು.
ಅಕ್ಟೋಬರಿಗೆ ದುಡ್ಡು ಮುಗಿಯಿತು.
ಇನಿಸ್ ಆಗಲೇ ಕಾರು ಮಾರಿದ್ದ.
ಒಂದು ರಾತ್ರಿ ನಾನೇ ಬೀಗ ಜಡಿದು, ಹಸಿರು ಬಳಿದು,
ಮನೆಗೆ ಹೋಗಿ ಮಲಗಿದೆ.
ಅವರು ರಹಸ್ಯ ಅಂದದ್ದು
ನನ್ನ ಬಾಕಿ ಕೆಲಸ.

ಈಗ ಭಾಗ ಎರಡು. ಈಗ ನಾವು ತೊಂಬತ್ತು ಜನ.
ಸೋಮವಾರದ ರೈಲಿಗೆ ಲಂಡನ್ನಿನಿಂದ ಟ್ರಿಸ್ಟನ್ ಬರುತ್ತಾನೆ,
ಶಾರ್ಟ್‌ಬ್ರೆಡ್ಡಿನ ಡಬ್ಬಿ ತರುತ್ತಾನೆ, ಅದೂ ಸ್ಕಾಟ್ಲೆಂಡಿಗೆ!
ಬಾಗಿಲು ತೆರೆಯಲಿ ಅನ್ನುತ್ತಾನೆ.
ಕೀಲಿಕೈ ನಾಲ್ಕು ಪೌಂಡು ತೊಂಬತ್ತೊಂಬತ್ತು ಪೆನ್ಸು.
ಕಾವಲುಗಾರನಿಗೆ ಹನ್ನೆರಡು ಟೋಪಿ, ತಿಂಗಳಿಗೊಂದು.
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅಂದುಕೊಂಡೆ.
ಅವನ ಲೆಕ್ಕದ ಹಾಳೆ ನೋಡಿದರೆ
ಹಿಟ್ಟು ಬರುವುದೇ ಮಲ್ಲಿಗೆಯಿಂದ.
ಟೋಪಿ ಮಾರದಿದ್ದರೆ ಮಾರ್ಚಿಗೆ ಮೂವತ್ತು ಜನ ಮನೆಗೆ.
ಅವನು ಸುಳ್ಳು ಹೇಳುವವನಲ್ಲ. ಕಷ್ಟ ಅದೇ.
ಆ ಮೂವತ್ತರಲ್ಲಿ ಮೈರಿ ಇದ್ದಾಳೆ, ಏಳು ತಿಂಗಳ ಬಸುರಿ.
ಅವಳು ಸಮುದ್ರ ಬರೆಯುತ್ತಾಳೆ.
ಅಲೆಗೆ ಬೇರೆಯಾಗಿ ಯಾರು ದುಡ್ಡು ಕೊಡುತ್ತಾರೆ?

ಕಾದವರಿಗೂ ಬೇಕಾದದ್ದು ಸುಲಭವಲ್ಲ.
ಎಲ್ಲ ಹೊಸದಾಗಿರಬೇಕು, ಏನೂ ಬದಲಾಗಿರಬಾರದು,
ತಮಗೂ ಮತ್ತೆ ಹದಿನಾರು ವರ್ಷವಾಗಬೇಕು.

ಆಮೇಲೆ ಒಂದು ಕಾಗದ ಬಂತು, ನೀಲಿ ಶಾಯಿ, ಓರೆ ಅಕ್ಷರ.
ಐಲೀನ್ ಡ್ರಮಂಡ್, ಲಾಕೀ, ಶಾಲೆಯ ಅಡುಗೆಯವಳು.
'ನನ್ನ ಗಂಡ ಕೊನೆಯ ಸಲ ಆಟ ನಿಲ್ಲಿಸಿದ್ದು
ಆ ಬಾಗಿಲ ಮುಂದೆ. ಈಗಲೂ ಅಲ್ಲೇ ನಿಂತಿದ್ದಾನೆ.
ಭಾನುವಾರ ಹಚ್ಚಿ ನೋಡುತ್ತೇನೆ, ಗುಂಡಿ ಮುಟ್ಟುವುದಿಲ್ಲ.
ಎರಡನೆಯದು ಬಂದರೆ ಇದು ಅಳಿಸಿಹೋಗುತ್ತದೆಯೇ?
ಅಷ್ಟು ತಿಳಿಸಿದರೆ ಸಾಕು.'

ಇಲ್ಲ ಎಂದು ಬರೆದೆ.
ಬರೆಯುವ ಮೊದಲು ಕಾನೂನು ವಿಭಾಗವನ್ನು ಕೇಳಬೇಕಾಯಿತು.

ಕೀಲಿಕೈಯ ಬೆಲೆಗೆ ಸಹಿ ಹಾಕಿದ್ದೇನೆ.
ಈಗ ಕೋಣೆ ಕಟ್ಟುತ್ತಿದ್ದೇನೆ, ಒಂಬತ್ತು ವರ್ಷ ತಡವಾಗಿ.
ಕುರ್ಚಿ ಇಟ್ಟೆ, ತೆಗೆದೆ. ಕಿಟಕಿ ಇಟ್ಟೆ. ಅದನ್ನೂ ತೆಗೆದೆ.
ಲಕ್ಷ ಜನ ಊಹಿಸಿದ ಕೋಣೆಯಲ್ಲಿ
ಒಂದು ಕುರ್ಚಿ ಎಷ್ಟು ಬಡವಾಗಿ ಕಾಣುತ್ತದೆ!

ಕಟ್ಟುವವರಿಗೆ ಗೋಡೆ ಅಡ್ಡಬರುವುದಿಲ್ಲ.
ನಿನ್ನೆ ರಾತ್ರಿ ತೂರಿ ಒಳಗೆ ಹೋಗಿ, ತಿರುಗಿ ನೋಡಿದೆ.
ಬಾಗಿಲೇ ಇಲ್ಲ.
ಆಗ ಬಳಿದದ್ದು ಹೊರಗಿನ ಮೈಗೆ ಮಾತ್ರ,
ಒಳಗಿನಿಂದ ಅದು ಬರೀ ಗಾಳಿ.
ಮೆಟ್ಟಿಲು ಕಾಣುತ್ತದೆ, ಮೈರಿಯ ಸಮುದ್ರ ಕಾಣುತ್ತದೆ,
ಕೈ ಎತ್ತಿ ತಟ್ಟುವವರು
ನೇರ ನನ್ನ ಮುಖ ನೋಡುತ್ತಿರುತ್ತಾರೆ.

ಗುರುವಾರದೊಳಗೆ ಈ ಬದಿಗೂ ಬಣ್ಣ ಬಳಿಯಬೇಕು.