ಪ್ರಶ್ನೆ ಹದಿನೇಳು

ನದಿಯಿರುವ ಊರುಗಳ ಒಕ್ಕೂಟವೊಂದಿದೆಯಂತೆ,
ದೇಶದೇಶದ್ದು; ನಮ್ಮ ಪಾಲಿಕೆಯೂ ಸೇರುವುದಂತೆ.
ಆಯುಕ್ತರ ಕೋಣೆಯಿಂದ ಇಳಿದು ಬಂದ ನಮೂನೆ
ಟಪಾಲು, ಆರೋಗ್ಯ, ಲೆಕ್ಕಪತ್ರ, ಎಲ್ಲ ಮೇಜೂ ಸುತ್ತಿ
ಕಡೆಗೆ ನನ್ನ ಮೇಜಿನ ಮೇಲೆ ಕಾಲು ಚಾಚಿತು.
ನಲವತ್ತೆರಡು ಪ್ರಶ್ನೆ.
ಇಂಗ್ಲಿಷು ಬರುವವಳು ನಾನೊಬ್ಬಳೇ ಎಂದಲ್ಲ,
ಆಗುವುದಿಲ್ಲ ಎನ್ನಲು ಬಾರದವಳು ನಾನೊಬ್ಬಳೇ.

ತಲಾ ಎಷ್ಟು ಲೀಟರು, ಎಷ್ಟು ಟನ್ನು ಕಸ, ಮರ ಎಷ್ಟು.
ಮರದ ಲೆಕ್ಕ ಹಳೆಯದು, ರಸ್ತೆ ಅಗಲವಾಗುವ ಮೊದಲಿನದು.
ಅದನ್ನೇ ಬರೆದೆ.

ನದಿಯ ಬಗ್ಗೆ ಊರವರ ಮಾತೇನಾದರೂ?
ಗಂಗಾಸ್ನಾನ, ತುಂಗಾಪಾನ ಎಂದು ಬರೆಯುತ್ತಿದ್ದೆ.
ವಾಲ್ವ್ ಬಿಡುವ ಹಾಲೇಶಪ್ಪ, ಹಾಜರಿ ಹಾಕಲು ಬಂದವನು,
ಹೆಗಲ ಮೇಲಿಂದ ಬಗ್ಗಿ ನೋಡಿದ:
"ಗಾಜನೂರಿಂದ ಪಂಪ್‌ಹೌಸಿನ ತನಕ ಅಂತ ಸೇರಿಸ್ರಿ ಮೇಡಮ್ಮೋರೆ.
ಸೇತುವೆ ದಾಟಿದ ಮೇಲಿನ ತುಂಗೇನ
ನಮ್ಮನೆ ಎಮ್ಮೆನೂ ಮೂಸಿ ನೋಡಿ ಕುಡೀತದೆ."

ಹದಿನೇಳನೆಯದು: ನೆರೆ ಬರುವುದು ನಿಮಗೆ ಹೇಗೆ ತಿಳಿಯುತ್ತದೆ?
ಉಪಕರಣದ ಹೆಸರು, ತಯಾರಕರು, ಕೊಂಡ ವರ್ಷ.

ಇಬ್ಬರೂ ಮುಖ ಮುಖ ನೋಡಿಕೊಂಡೆವು.
ಕೋರ್ಪಲಯ್ಯನ ಛತ್ರದ ಬಳಿ ಹೊಳೆಯೊಳಗಿನ ಕಲ್ಲುಮಂಟಪ,
ಮಳೆಗಾಲ ಬಂದರೆ ಊರಿಗೆ ಊರೇ ಕೇಳುವುದು ಒಂದೇ ಮಾತು,
ದುರ್ಗಿಗುಡಿಯ ಕ್ಷೌರದಂಗಡಿ, ಗೋಪಿ ಸರ್ಕಲ್ಲಿನ ಆಟೋ,
ಹೆರಿಗೆ ವಾರ್ಡಿನ ಹೊರಗಿನ ಬೆಂಚು:
ಮಂಟಪ ಮುಳುಗ್ತಾ?
ಉಪಕರಣ: ಮಂಟಪ. ತಯಾರಕರು: ಹಿಂದಿನವರು.
ಕೊಂಡ ವರ್ಷ: ಕೊಂಡದ್ದಲ್ಲ.

ಉತ್ತರ ಬಂತು: ದಯವಿಟ್ಟು ಅಳತೆ ಕಳಿಸಿ.
ಬೇಸಿಗೆಯ ಒಂದು ಶನಿವಾರ ಟೇಪು ಹಿಡಿದು ಹೋದೆವು.
ಪ್ಯಾಂಟು ಮಡಚಿ ಬಂಡೆಯಿಂದ ಬಂಡೆಗೆ ಅವನು ದಾಟಿದ.
ಮೊಣಕಾಲು, ಸೊಂಟ, ಎದೆ, ಕತ್ತು,
ಅವನು ಕೂಗಿದ್ದು ಹಾಗೇ; ಅಡಿ ಇಂಚು ಆಮೇಲೆ ನಾನು ಹಾಕಿದೆ.

ಸಭೆ ರಾತ್ರಿ ಹತ್ತೂವರೆಗೆ.
ಪರದೆ ತುಂಬ ಚೌಕ, ಚೌಕಕ್ಕೊಬ್ಬ ಮೇಯರು.
ಆಯುಕ್ತರು ಕೈಮುಗಿದು ಹತ್ತು ನಿಮಿಷಕ್ಕೆ ಎದ್ದರು.
ನಮ್ಮ ಮಂಟಪದ ಚಿತ್ರ ಕಂಡದ್ದೇ ತಡ
ಕೆಳಸಾಲಿನ ಮೂಲೆಯ ಚೌಕ ಕದಲಿತು.
ಒಬ್ಬ ಹೆಂಗಸು, ನನ್ನದೇ ವಯಸ್ಸು, ಕೊರಳಲ್ಲಿ ನನ್ನಂಥದೇ ಐಡಿ ಪಟ್ಟಿ.
ರೊಸಾಲ್ಬಾ. ಊರಿನ ಹೆಸರು ಮೂರು ಸಲ ಹೇಳಿದಳು,
ನನ್ನ ನಾಲಿಗೆಗೆ ದಕ್ಕಲಿಲ್ಲ.
ಅವರ ಹೊಳೆದಂಡೆಯ ಬಂಡೆಯಲ್ಲಿ ಕೊರೆದ ಮೀನೊಂದಿದೆಯಂತೆ.
ನೀರು ಬಾಲಕ್ಕೆ ಬಂದರೆ ದೋಣಿ ಬಿಗಿದು ಕಟ್ಟುತ್ತಾರಂತೆ,
ಬಾಯಿಗೆ ಬಂದರೆ ಅಜ್ಜಿಯರನ್ನು ಹೊತ್ತು ಗುಡ್ಡ ಹತ್ತುತ್ತಾರಂತೆ.
ಹದಿನೇಳಕ್ಕೆ ನೀವು ಅದನ್ನೇ ಬರೆದಿರಾ, ಎಂದೆ.
ಇಲ್ಲ, ಸೆನ್ಸರ್ ಅಂತ ಬರೆದೆ, ನಾಚಿಕೆಗೆ.
ಅವಳ ನಂಬರು ಅಂಗೈ ಮೇಲೆ ಗೀಚಿಕೊಳ್ಳುವಾಗ ಕರೆಂಟು ಹೋಯಿತು.
ಕಡೆಯ ಎರಡು ಅಂಕಿ ಕತ್ತಲಲ್ಲೇ ಬರೆದದ್ದು.

ಸದಸ್ಯತ್ವದ ಹಣಕ್ಕೆ ಆಡಿಟ್ ಆಕ್ಷೇಪಣೆ:
ಈ ವೆಚ್ಚಕ್ಕೆ ಲೆಕ್ಕ ಶೀರ್ಷಿಕೆ ಇರುವುದಿಲ್ಲ.
ಬೀದಿದೀಪವಲ್ಲ, ಒಳಚರಂಡಿಯಲ್ಲ,
ಹಾಗಾದರೆ ಇದು ಏನು?
ಏನೆಂದು ಬರೆಯಲಿ.
ಕಡತ ಮುಕ್ತಾಯ. ಕೆಂಪು ದಾರ ಎರಡು ಸುತ್ತು.

ಮರುವರ್ಷದ ಆಷಾಢ, ಕಂಟ್ರೋಲ್ ರೂಮಿನ ರಾತ್ರಿಪಾಳಿ,
ಗಾಜನೂರಿನಿಂದ ಫೋನಿನ ಮೇಲೆ ಫೋನು.
ನಡುವೆ ನನ್ನ ಮೊಬೈಲು ಮಿಣುಕಿತು:
ಮಂಟಪ ಎಲ್ಲೀತನಕ?
ಕತ್ತಿನವರೆಗೆ.
ಅಜ್ಜಿಯರು?
ಹೊಳೆಬದಿಯಿಂದ ಶಾಲೆಗೆ ಸಾಗಿಸುತ್ತಿದ್ದೇವೆ.
ಅವಳ ಮೀನು ಈಗ ಬಿಸಿಲಲ್ಲಿದೆಯಂತೆ, ಹೊಳೆ ಎಲ್ಲೋ ಕೆಳಗೆ;
ಬಾಲ ನೆಂದು ಎರಡು ವರ್ಷವಾಯಿತಂತೆ.

ಅಂದಿನಿಂದ ಹಾಲೇಶಪ್ಪ
ಹಾಜರಿ ಹಾಕಿ, ವಾಲ್ವಿನ ಕೀಲಿ ಹೆಗಲಿಗೇರಿಸಿ,
ಬಾಗಿಲ ತನಕ ಹೋದವನು ತಿರುಗಿ ಕೇಳುತ್ತಾನೆ:
"ಆ ಅಕ್ಕೋರ ಮೀನಿಗೆ ನೀರು ಬಂತೇನ್ರೀ?"